ಲೈಟ್ ಆರಿಸಿದರೆ ಸಾಲದು

‘ಏರ್‌ಬ್ಯಾಗ್ ಲೈಟ್ ಉರಿಯುತ್ತಿದ್ದರೂ ಅಪಘಾತವಾದಾಗ ಬ್ಯಾಗ್ ತೆರೆದುಕೊಳ್ಳುತ್ತದೆ, ಸ್ಕ್ಯಾನರ್ ಹಾಕಿ ರೀಸೆಟ್ ಮಾಡಿಸಿದರೆ ಸಾಕು’ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಲ್ಲ, ಅದನ್ನು ಒಪ್ಪಲು ಆಗುವುದಿಲ್ಲ. ಡ್ಯಾಶ್‌ಬೋರ್ಡಿನ ಈ ಎಚ್ಚರಿಕೆ ಲೈಟ್ ಆರದೇ ಉಳಿದರೆ ಎಷ್ಟೋ ಕಾರುಗಳಲ್ಲಿ ಏರ್‌ಬ್ಯಾಗ್ ಕೆಲಸ ಮಾಡುವುದೇ ಇಲ್ಲ. ಡಿಕ್ಕಿಯಾದಾಗ ಸೀಟ್ ಬೆಲ್ಟನ್ನು ಬಿಗಿಯಾಗಿ ಎಳೆದು ಹಿಡಿಯುವ ಪ್ರೀಟೆನ್ಷನರ್ ಕೂಡ ಇದೇ ವ್ಯವಸ್ಥೆಗೆ ಸೇರಿದ್ದು. ಅದೂ ಕೈಕೊಡಬಹುದು.

ನನ್ನ ಕಾರಿನಲ್ಲೂ ಹೀಗೇ ಆಗಿತ್ತು. ಗ್ಯಾರೇಜಿನವರು ಎರಡು ಸಲ ರೀಸೆಟ್ ಮಾಡಿ ದುಡ್ಡು ತೆಗೆದುಕೊಂಡರು. ವಾರದೊಳಗೆ ಮತ್ತೆ ಅದೇ ಲೈಟ್. ಕೊನೆಗೆ ನೋಡಿದರೆ ಡ್ರೈವರ್ ಸೀಟಿನ ಕೆಳಗಿದ್ದ, ಈ ವ್ಯವಸ್ಥೆಯ ವೈರುಗಳನ್ನು ಜೋಡಿಸುವ ಹಳದಿ ಕನೆಕ್ಟರ್ ಸಡಿಲವಾಗಿತ್ತು! ಸೀಟನ್ನು ಹಿಂದೆ ಮುಂದೆ ಸರಿಸಿ ಸರಿಸಿ ಹಾಗಾಗಿದ್ದು, ಅಷ್ಟೇ. ಇನ್ನೊಂದು ಮಾಮೂಲಿ ಕಾರಣ ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್, ಅಂದರೆ ಸ್ಟೀರಿಂಗ್ ತಿರುಗಿದರೂ ಅದರಲ್ಲಿನ ಏರ್‌ಬ್ಯಾಗ್ ಮತ್ತು ಹಾರ್ನ್‌ಗೆ ಸಂಪರ್ಕ ತಪ್ಪದಂತೆ ನೋಡಿಕೊಳ್ಳುವ ಸುರುಳಿ ವೈರು. ಲೈಟ್ ಜೊತೆಗೆ ಹಾರ್ನ್ ಕೂಡ ಆಗಾಗ ಕೆಲಸ ಮಾಡುತ್ತಿಲ್ಲ ಅಂದರೆ ಮೊದಲು ಅದನ್ನೇ ನೋಡಿಸಿ. ಹಾಗಂತ ಏರ್‌ಬ್ಯಾಗಿನ ಹಳದಿ ವೈರುಗಳಿಗೆ ನೀವೇ ಸುಮ್ನೆ ಕೈ ಹಾಕಬೇಡಿ. ಬ್ಯಾಟರಿ ಕಳಚಿದ ಮೇಲೂ ಸ್ವಲ್ಪ ಹೊತ್ತು ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಚಾರ್ಜ್ ಉಳಿದಿರುತ್ತದೆ. ಬ್ಯಾಗ್ ಮುಖದ ಮೇಲೆ ಸಿಡಿದರೆ ತಮಾಷೆಯಲ್ಲ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಒಂದು ಗಮನಿಸಿ. ಕೀ ಆನ್ ಮಾಡಿದಾಗ ಈ ಲೈಟ್ ಕೆಲವು ಸೆಕೆಂಡ್ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಎಲ್ಲ ಸರಿ ಇದೆ ಎಂದು ಖುಷಿಪಡಬೇಡಿ. ಮಾರುವವರು ಬಲ್ಬನ್ನೇ ಕಿತ್ತಿರಬಹುದು. ಲೇಖನದಲ್ಲಿ ಇದರ ಸುದ್ದಿಯೇ ಇಲ್ಲವಲ್ಲ?