ಕುಂಬಳಕಾಯಿ ಕಳ್ಳನ ಪರವಾಗಿ

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ದಾವಣಗೆರೆಯ ಶಾಲೆಯೊಂದರಲ್ಲಿ ನಾನು ವರ್ಷ ತಪ್ಪದೆ ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತಿದ್ದೆ. ಅಷ್ಟು ವರ್ಷಗಳಲ್ಲಿ ಒಂದು ಮಗುವೂ ಕಳ್ಳನ ಪರವಾಗಿ ಬರೆಯಲಿಲ್ಲ. ಬರೆದಿದ್ದರೆ ಹತ್ತಕ್ಕೆ ಎರಡು ಅಂಕ ಕೊಟ್ಟು ಪೋಷಕರನ್ನು ಕರೆಸುತ್ತಿದ್ದೆನೋ ಏನೋ. ನಿವೃತ್ತನಾದ ಮೇಲೆ ಹೊತ್ತು ಕಳೆಯಲೆಂದು ಕೈಗೆತ್ತಿಕೊಂಡ ರಂಪೋಲ್ ಕಥೆಗಳು ಈ ಗಾದೆಯ ನೆಮ್ಮದಿಯನ್ನು ಕೆಡಿಸಿದವು.

ರಂಪೋಲ್ ಲಂಡನ್ನಿನ ಓಲ್ಡ್ ಬೇಯ್ಲಿ ನ್ಯಾಯಾಲಯದಲ್ಲಿ ಆರೋಪಿಗಳ ಪರ ವಾದಿಸುವ ಮುದಿ ವಕೀಲ. ತಾನೂ ವಕೀಲನಾಗಿದ್ದ ಜಾನ್ ಮಾರ್ಟಿಮರ್ ಅವನನ್ನು 1975ರಲ್ಲಿ ಬಿಬಿಸಿಯ ಒಂದು ನಾಟಕಕ್ಕಾಗಿ ಸೃಷ್ಟಿಸಿದ. ಕಥೆಗಳು ಪುಸ್ತಕವಾಗಿ ಬರತೊಡಗಿದ್ದು 1978ರಿಂದ. ತಲೆಯ ಮೇಲೆ ಸವೆದ ವಿಗ್ಗು, ಎದೆಯ ಮೇಲೆ ಚುಟ್ಟಾದ ಬೂದಿ, ಬಾಯಲ್ಲಿ ಸಮಯ ಸಂದರ್ಭ ನೋಡದೆ ಹೊರಡುವ ವರ್ಡ್ಸ್‌ವರ್ತ್‌ನ ಸಾಲುಗಳು, ಸಂಜೆಗೆ ಅಗ್ಗದ ವೈನು. ನ್ಯಾಯಾಧೀಶರಿಗೆ ಎದುರಾಡಲು ಹಿಂದುಮುಂದು ನೋಡದ ಈ ಮನುಷ್ಯ ಮನೆಯಲ್ಲಿ ಹೆಂಡತಿ ಹಿಲ್ಡಾಳ ಎದುರು ಬೆಕ್ಕಿನಂತಿರುತ್ತಾನೆ. ನಾವು ‘ಹೋಮ್ ಮಿನಿಸ್ಟರ್’ ಎನ್ನುವ ಕಡೆ ಅವನು ಅವಳನ್ನು ‘ಯಾರ ಮಾತು ಮೀರಬಾರದೋ ಆಕೆ’ ಎಂದು ಕರೆಯುತ್ತಾನೆ. ಅವನಿಗೆ ಅನ್ನ ಹಾಕುವವರು ತಲೆಮಾರುಗಳಿಂದ ಸಣ್ಣಪುಟ್ಟ ಕಳ್ಳತನವನ್ನೇ ಕಸುಬು ಮಾಡಿಕೊಂಡ ಟಿಮ್ಸನ್ ಎಂಬ ಮನೆತನದವರು. ಆರೋಪಿಯ ವಿರುದ್ಧ ವಾದಿಸುವುದಿಲ್ಲ, ತಪ್ಪು ಒಪ್ಪಿಕೊಂಡುಬಿಡು ಎಂದು ಕಕ್ಷಿದಾರನಿಗೆ ಹೇಳುವುದಿಲ್ಲ ಎಂಬೆರಡು ಹಟಗಳನ್ನು ಬಿಟ್ಟರೆ ಅವನಲ್ಲಿ ಶಿಸ್ತೆಂಬುದೇ ಇಲ್ಲ. ಕಥೆಗಳಲ್ಲಿ ಅಪರಾಧ ಮಾಡಿದವರು ಯಾರೆಂಬುದು ನನಗೆ ವಾರದೊಳಗೆ ಮರೆತುಹೋಗುತ್ತದೆ, ಆ ಬೂದಿ ಮಾತ್ರ ಮರೆಯುವುದಿಲ್ಲ.

ಅವನು ಆಗಾಗ ನೆನೆಯುವ ‘ಚಿನ್ನದ ಎಳೆ’ ಅವನ ಸ್ವಂತ ಮಾತಲ್ಲ. ಹೆಂಡತಿಯನ್ನು ಗುಂಡಿಕ್ಕಿ ಕೊಂದ ಆರೋಪ ಹೊತ್ತ ವೂಲ್ಮಿಂಗ್ಟನ್ ಎಂಬ ಯುವಕನ ಮೊಕದ್ದಮೆಯಲ್ಲಿ, 1935ರಲ್ಲಿ, ಲಾರ್ಡ್ ಸ್ಯಾಂಕಿ ಹೇಳಿದ ಮಾತು ಅದು: ಅಪರಾಧವನ್ನು ಸಾಬೀತು ಮಾಡುವ ಹೊಣೆ ಆರೋಪ ಹೊರಿಸಿದವರದು, ಈ ತತ್ವ ಇಂಗ್ಲೆಂಡಿನ ಕ್ರಿಮಿನಲ್ ಕಾನೂನಿನ ಉದ್ದಕ್ಕೂ ಚಿನ್ನದ ಎಳೆಯಂತೆ ಕಾಣುತ್ತದೆ. ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಂದಲೇ ಹೆಸರಾದ ಊರಿನವರಿಗೆ ಎಳೆಯೆಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬೀದಿಯಲ್ಲೂ ಒಬ್ಬ ವಕೀಲರಿದ್ದಾರೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ದೊಡ್ಡ ಕೇಸುಗಳಿಗೆಂದು ಮುಂಜಾನೆಯ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಓಡಾಡಿದವರು. ಬೇಸಿಗೆಯಲ್ಲಿ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳ ವಕೀಲರಿಗೆ ಕರಿಕೋಟು ಕಡ್ಡಾಯವಲ್ಲವೆಂದು ವಕೀಲರ ಪರಿಷತ್ತಿನ ನಿಯಮವೇ ಇದ್ದರೂ, ಏಪ್ರಿಲ್ ಬಿಸಿಲಿನಲ್ಲಿಯೂ ಅವರು ಅದನ್ನು ಕಳಚುವುದಿಲ್ಲ. ಏಕೆಂದರೆ ಮಂಡಕ್ಕಿಯ ಪೊಟ್ಟಣ ಹಿಡಿಸುವಷ್ಟು ದೊಡ್ಡ ಜೇಬು ಇರುವುದು ಆ ಕೋಟಿಗೆ ಮಾತ್ರ. ಕೊರಳಪಟ್ಟಿ ಕಂದಿ ಕಾಫಿ ಪುಡಿಯ ಬಣ್ಣಕ್ಕೆ ತಿರುಗಿದೆ, ಬಲತೋಳಿನ ಅಂಚಿನಲ್ಲಿ ಎಲೆಯಡಿಕೆಯ ಸುಣ್ಣ ಗಟ್ಟಿಯಾಗಿ ಕೂತಿದೆ. 2024ರ ಜುಲೈ 1ರಿಂದ ಹೊಸ ನ್ಯಾಯಸಂಹಿತೆ ಬಂದು, ವಂಚನೆಯ 420ನೆಯ ಕಲಮು 318 ಆದಾಗ ಅವರು ದುಃಖಪಟ್ಟದ್ದು ಭಾಷೆಗಾಗಿ: ‘ಅವನೊಬ್ಬ ಮುನ್ನೂರ ಹದಿನೆಂಟು’ ಎಂದು ಬೈದರೆ ಯಾರಿಗೆ ನಾಟುತ್ತದೆ ಎಂದು ಕೇಳಿದರು.

ಇಂಥವರ ಮುಂದೆ ಒಂದು ಸಂಜೆ, ಮಂಡಕ್ಕಿ ಮೆಣಸಿನಕಾಯಿಯ ನಡುವೆ, ನನ್ನ ಗಾದೆಯನ್ನು ಇಟ್ಟೆ. ಅವರು ಮೆಣಸಿನಕಾಯಿಯನ್ನು ಕೆಳಗಿಟ್ಟರು. ಹಾಗೆ ಇಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಯಾವ ಹೆಗಲು ಮುಟ್ಟಿಕೊಂಡ ಅಂತ ನಿಮ್ಮ ಗಾದೇಲಿ ಐತೇನ್ರೀ ಮೇಷ್ಟ್ರೇ? ಎಡಗಡೇದೋ, ಬಲಗಡೇದೋ?”

ಇಲ್ಲವೆಂದೆ. ಅಲ್ಲಿಂದ ಪಾಟೀಸವಾಲು ಶುರುವಾಯಿತು. ಕಳುವಾದದ್ದು ಬೂದುಗುಂಬಳವೆಂದೇ ಇಟ್ಟುಕೊಳ್ಳೋಣ, ಸಿಹಿಗುಂಬಳದ ಮೈಮೇಲೆ ಬೂದಿಯಿರುವುದಿಲ್ಲವಾದ್ದರಿಂದ ಹೆಗಲು ಮುಟ್ಟಿಕೊಳ್ಳುವ ಪ್ರಶ್ನೆಯೇ ಬಾರದು. ಆ ಬೂದಿಯನ್ನು ಪಂಚರ ಸಮಕ್ಷಮ ಜಪ್ತಿ ಮಾಡಿದ್ದಾರೆಯೇ? ಪಂಚನಾಮೆಗೆ ಸಹಿ ಹಾಕಿದವರು ಹಿತ್ತಲಿನ ಯಜಮಾನನ ಭಾವಮೈದುನರಲ್ಲವಷ್ಟೇ? ಮಂಡಕ್ಕಿ ಭಟ್ಟಿಗಳ ಈ ಊರಿನಲ್ಲಿ ಮೂಟೆ ಹೊರುವ ಹಮಾಲನ ಹೆಗಲ ಮೇಲೆ ಧೂಳು ಬೂದಿ ಇಲ್ಲದಿದ್ದರೆ ಅಲ್ಲವೇ ಅನುಮಾನ ಪಡಬೇಕಾದದ್ದು? ಪೊಲೀಸರ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡರೂ ಅದನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲವೆಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತ್ತು, ಅದರ ಜಾಗಕ್ಕೆ ಬಂದ ಹೊಸದೂ ಹೇಳುತ್ತದೆ. ಹಾಗಿರುವಾಗ ಬಾಯಿ ತೆರೆಯದೆ ಹೆಗಲು ಮುಟ್ಟಿಕೊಂಡವನನ್ನು ಊರಿಗೆ ಊರೇ ಸೇರಿ ಕಳ್ಳನೆಂದು ತೀರ್ಮಾನಿಸುವುದು ಯಾವ ನ್ಯಾಯ? ಆರೋಪಿಯ ನಡತೆಯೂ ಸಾಕ್ಷ್ಯವೇ ಎಂದು ಸರ್ಕಾರಿ ವಕೀಲರು ಹಳೆಯ ಸಾಕ್ಷ್ಯ ಕಾಯ್ದೆಯ ಎಂಟನೆಯ ಕಲಮನ್ನು ಎತ್ತಬಹುದೆಂದು ತಾವೇ ಒಪ್ಪಿಕೊಂಡು, ಅದಕ್ಕೂ ಉತ್ತರ ಕೊಟ್ಟರು: “ಕಳ್ಳ ಕಳ್ಳ ಅಂತ ಕೂಗಿದ್ರೆ ನೀವಾದ್ರೂ ಜೇಬು ಮುಟ್ಟಿ ನೋಡ್ಕೊಳಲ್ವೇನ್ರೀ? ಅದು ಕಳ್ಳನ ನಡತೆಯಲ್ಲ, ಕಳಕೊಂಡವನ ನಡತೆ.”

ರಕ್ತದ ಕಲೆಗಳ ವಿಷಯದಲ್ಲಿ ತನ್ನಷ್ಟು ತಿಳಿದವರಿಲ್ಲವೆಂದು ಬೀಗುವ ರಂಪೋಲ್ ನಮ್ಮ ವಕೀಲರ ಬೂದಿಶಾಸ್ತ್ರವನ್ನು ಕೇಳಬೇಕಿತ್ತು. ಕೇಳಿದ್ದರೆ ತನ್ನ ಎದೆಯ ಮೇಲಿನ ಬೂದಿಯನ್ನು ಅವಸರದಿಂದ ಕೊಡವಿಕೊಳ್ಳುತ್ತಿದ್ದ, ನಮ್ಮ ಗಾದೆಯ ಪ್ರಕಾರ ಅಲ್ಲಿಗೆ ಅವನ ಕಥೆಯೂ ಮುಗಿಯುತ್ತಿತ್ತು.

ಕಳೆದ ಆಯುಧಪೂಜೆಗೆ ಸ್ಕೂಟರಿನ ಮುಂದೆ ಒಡೆಯಲೆಂದು ಮಾರುಕಟ್ಟೆಯ ಬೀದಿಬದಿಯಲ್ಲಿ ಒಂದು ಬೂದುಗುಂಬಳ ಕೊಂಡೆ. ಪ್ಲಾಸ್ಟಿಕ್ ಚೀಲದ ಹಿಡಿ ಅರ್ಧ ದಾರಿಯಲ್ಲೇ ಹರಿದದ್ದರಿಂದ ಅದನ್ನು ಹೆಗಲಿಗೇರಿಸಿಕೊಂಡು ಬಂದು, ಮನೆಯೊಳಗಿಟ್ಟು, ಗೇಟು ಹಾಕಲು ಹೊರಬಂದರೆ ವಕೀಲರು ಕಾನೂನು ಪುಸ್ತಕಗಳ ಪೂಜೆಗೆ ಚೆಂಡುಹೂವು ಹಿಡಿದು ಎದುರಿಗೇ ನಿಂತಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಕುಂಬಳಕಾಯಿ ತಂದ್ರೇನ್ರೀ ಮೇಷ್ಟ್ರೇ? ರಸೀದಿ ಐತಾ?”

ಬೀದಿಬದಿಯ ವ್ಯಾಪಾರದಲ್ಲಿ ರಸೀದಿ ಯಾರು ಕೊಡುತ್ತಾರೆ ಎಂದು ಹೇಳಲು ನಾನು ಬಾಯಿ ತೆರೆಯುವುದಕ್ಕೂ ಮೊದಲೇ ನನ್ನ ಬಲಗೈ ಎಡಹೆಗಲನ್ನು ತಲುಪಿತ್ತು.