ಕೈ ಇಲ್ಲ, ಕಮಲ ಇಲ್ಲ

ಮೊದಲ ಸಲ ಮತ ಹಾಕುವಾಗ ನನಗೆ ಮೂವತ್ತು ವರ್ಷ. 2020ರ ಡಿಸೆಂಬರ್, ಗ್ರಾಮ ಪಂಚಾಯಿತಿ ಚುನಾವಣೆ. ಕುಂದಾಪುರ ತಾಲೂಕು, ವಂಡ್ಸೆ ಕಡೆಯ ನಮ್ಮ ಹಳ್ಳಿ. ಮಾಸ್ಕ್ ಹಾಕಿಕೊಂಡು ಶಾಲೆಯ ಜಗುಲಿಯಲ್ಲಿ ಸಾಲಿನಲ್ಲಿ ನಿಂತು ಒಳಗೆ ಹೋದೆ. ಮೆಷಿನ್ ಇಲ್ಲ, ಕೈಗೆ ಒಂದು ಕಾಗದ ಕೊಟ್ಟರು. ನೋಡಿದರೆ ಅದರಲ್ಲಿ ಕೈ ಇಲ್ಲ, ಕಮಲ ಇಲ್ಲ, ತೆನೆ ಹೊತ್ತ ಮಹಿಳೆಯೂ ಇಲ್ಲ. ಆಟೋ ರಿಕ್ಷಾ, ಹೊಲಿಗೆ ಯಂತ್ರ, ಅಂಥವೇ. ಮುದ್ರೆ ಹಿಡಿದುಕೊಂಡು ಸುಮ್ನೆ ನಿಂತುಬಿಟ್ಟೆ.

ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ ಎಂಬುದೇ ನನಗೆ ಗೊತ್ತಿರಲಿಲ್ಲ. ದಿಲ್ಲಿಯಲ್ಲಿ ಯಾರಿಗೆ ಯಾವ ಖಾತೆ ಎಂದು ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ನಮ್ಮ ವಾರ್ಡಿನಲ್ಲಿ ನಿಂತವರ ಮುಖ ಮಾತ್ರ ಗೊತ್ತಿರಲಿಲ್ಲ.

ಹಿಂದಿನ ರಾತ್ರಿ ಚಿಕ್ಕಪ್ಪನ ಹತ್ತಿರ ಕೇಳಿದ್ದೆ, ಇವರೆಲ್ಲ ಯಾವ ಪಕ್ಷದವರು ಅಂತ. ಅವರು ನಕ್ಕರು. "ಪಕ್ಷ ಕಂಡ್ಕಂಡ್ ಎಂತ ಮಾಡ್ತೆ ಹೆಣೆ, ಯಾರ್ ಮನೆಯವ್ರ್ ಅಂದೇಳಿ ಕಾಣ್" ಅಂದರು. ಆಗ ನನಗೆ ಸಿಟ್ಟು ಬಂದಿತ್ತು. ಇದೇ ಜಾತಿ ರಾಜಕೀಯ, ಇದೇ ಹಿಂದುಳಿದಿರುವಿಕೆ ಎಂದೆಲ್ಲ ಮನಸ್ಸಿನಲ್ಲೇ ಒಂದು ಭಾಷಣ ಮಾಡಿಕೊಂಡು ಮಲಗಿದ್ದೆ.

ನಾನು ಹುಟ್ಟಿ ಬೆಳೆದದ್ದು ಮಸ್ಕತ್‌ನಲ್ಲಿ. ರೂವಿಯ ಒಂದು ಫ್ಲಾಟ್, ಇಂಡಿಯನ್ ಸ್ಕೂಲ್, ಎರಡು ವರ್ಷಕ್ಕೊಮ್ಮೆ ಊರಿಗೆ ರಜೆ. ಅಪ್ಪನ ಕಟ್ಟಪ್ಪಣೆ ಒಂದೇ: ಈ ದೇಶದ ರಾಜಕೀಯ ಮಾತಾಡಬಾರದು. ಮಾತಾಡಲಿಕ್ಕೆ ಏನಿತ್ತು ಹೇಳಿ? ನಾನು ಹುಟ್ಟುವ ಇಪ್ಪತ್ತು ವರ್ಷ ಮೊದಲೇ, 1970ರಲ್ಲಿ, ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದಿದ್ದರು. 2020ರ ಜನವರಿಯಲ್ಲಿ ಅವರು ತೀರಿಕೊಳ್ಳುವವರೆಗೂ ಅಂಗಡಿ, ಬ್ಯಾಂಕು, ಎಲ್ಲ ಕಡೆ ಗೋಡೆಯಲ್ಲಿ ಅದೇ ಫೋಟೋ. ಆಳುವವರು ಬದಲಾಗುವುದನ್ನು ಕಣ್ಣಾರೆ ಕಾಣದೆ ದೊಡ್ಡವಳಾದೆ.

ಹಾಗಾಗಿ ನಮ್ಮ ರಾಜಕೀಯದ ಹಸಿವೆಲ್ಲ ಊರಿನ ಕಡೆಗೇ. ಟಿವಿಯಲ್ಲಿ ಕನ್ನಡ ನ್ಯೂಸ್ ಚಾನೆಲ್, ಫೋನಿನಲ್ಲಿ ವಾಟ್ಸಾಪ್ ಗುಂಪು. 2018ರ ಮೇ ತಿಂಗಳು ನೆನಪಿದೆಯಲ್ಲ? ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37. ಯಡಿಯೂರಪ್ಪ 17ನೇ ತಾರೀಕು ಪ್ರಮಾಣವಚನ ತೆಗೆದುಕೊಂಡು 19ಕ್ಕೆ ರಾಜೀನಾಮೆ ಕೊಟ್ಟರು. ರಂಜಾನ್ ಆಗಷ್ಟೇ ಶುರುವಾಗಿ ಆಫೀಸು ಬೇಗ ಬಿಡುತ್ತಿತ್ತು. ಮನೆ ತುಂಬ ಜನ, ಚುರುಮುರಿ, ಚಾ. ಐಪಿಎಲ್ ಮ್ಯಾಚ್ ನೋಡಿದ ಹಾಗೆಯೇ. ಮುಂದಿನ ವರ್ಷ ಜುಲೈ 23ಕ್ಕೆ ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿದ್ದಾಗಲೂ ಹಾಗೆಯೇ ಕೂತು ನೋಡಿದೆವು. ಯಾವ ರೆಸಾರ್ಟಿನಲ್ಲಿ ಎಷ್ಟು ಶಾಸಕರಿದ್ದಾರೆ ಎಂಬ ಲೆಕ್ಕ ನಮ್ಮಲ್ಲಿ ಪಕ್ಕಾ ಇತ್ತು. ಯಾರು ಗೆದ್ದರೂ ಸೋತರೂ ನಮ್ಮ ಮನೆಯ ನಲ್ಲಿಯಲ್ಲಿ ನೀರು ಬರುತ್ತಿತ್ತು. ಅದು ಒಮಾನಿನ ನೀರು.

ಕೊರೋನಾ ವರ್ಷ ಅಪ್ಪನ ಕೆಲಸ ಹೋಯಿತು. ಅಣ್ಣನೊಬ್ಬ ಅಲ್ಲೇ ಉಳಿದ, ನಾವು ಮೂವರು ಊರಿಗೆ ಬಂದೆವು.

ಬಂದ ಮೇಲೆ ನನಗೆ ಮೊದಲು ಅರ್ಥವಾಗದ್ದು ನಮ್ಮದೇ ಮನೆ. ಅಜ್ಜಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಿಕೆ ಮಡಿಕೆಯಲ್ಲೇ ಹರಿದ ಕಾಗದಗಳು. "ಡಿಕ್ಲರೇಷನ್ ಕಾಗ್ದ" ಅನ್ನುತ್ತಾರೆ. ಕರಾವಳಿಯವರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ನನ್ನ ಹಾಗೆ ಹೊರಗೆ ಬೆಳೆದವರಿಗಾಗಿ ಹೇಳುತ್ತೇನೆ. ದೇವರಾಜ ಅರಸು ಕಾಲದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರದ್ದಾಯಿತು. ಉಳುವವರು ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಅದನ್ನು ತಮ್ಮದಾಗಿಸಿಕೊಳ್ಳಬೇಕಿತ್ತು. ಆ ಅರ್ಜಿಯೇ ಡಿಕ್ಲರೇಷನ್. ಅಲ್ಲಿಯವರೆಗೆ ನಮ್ಮ ಅಜ್ಜ ಬೆಳೆದದ್ದರಲ್ಲಿ ಮುಡಿ (ಹುಲ್ಲಿನಲ್ಲಿ ಬಿಗಿದ ಅಕ್ಕಿಯ ಮೂಟೆ) ಕಟ್ಟಿ ಧಣಿಗಳ ಮನೆಗೆ ಹೊತ್ತು ಹಾಕಿ, ಉಳಿದದ್ದರಲ್ಲಿ ಎಂಟು ಮಕ್ಕಳನ್ನು ಸಾಕುತ್ತಿದ್ದರು. ಅರ್ಜಿ ಕೊಡಲಿಕ್ಕೂ ಹೆದರಿಕೆ. ಧಣಿಗಳಿಗೆ ಮುಖ ತೋರಿಸುವುದು ಹೇಗೆ ಎಂದು ಅಜ್ಜ ತಿಂಗಳುಗಟ್ಟಲೆ ತಡ ಮಾಡಿದರಂತೆ. ಕೊನೆಗೆ ಅಜ್ಜಿಯೇ ಹೊರಡಿಸಿದ್ದು.

ಇನ್ನು ಅಮ್ಮನ ಮನೆ. ಅವರದ್ದು ಇದರ ಉಲ್ಟಾ. ಕಾಯ್ದೆ ಬಂದಾಗ ಭೂಮಿ ಕಳೆದುಕೊಂಡವರು. ಅಂಥಾ ದೊಡ್ಡ ಧಣಿಗಳೇನಲ್ಲ, ಅಮ್ಮಮ್ಮನ ಅತ್ತೆ ವಿಧವೆ, ಗದ್ದೆಯನ್ನು ಗೇಣಿಗೆ ಕೊಟ್ಟು ಬದುಕುತ್ತಿದ್ದವರು. ಹೋದದ್ದು ಹೋಯಿತು. ಆ ಮನೆಯಲ್ಲಿ ಇವತ್ತಿಗೂ ಡಿಕ್ಲರೇಷನ್ ಎಂಬ ಪದ ಕೇಳಿದರೆ ಮಾವ ಎದ್ದು ಅಂಗಳಕ್ಕೆ ಹೋಗುತ್ತಾರೆ.

ಮಸ್ಕತ್‌ನಲ್ಲಿ ಮೂವತ್ತು ವರ್ಷ ಅಪ್ಪ ಅಮ್ಮ ಒಂದೇ ಸೋಫಾದಲ್ಲಿ ಕೂತು ಒಂದೇ ನ್ಯೂಸ್ ನೋಡಿ ಜಗಳ ಆಡುತ್ತಿದ್ದರು. ಅಪ್ಪನಿಗೆ ಇಂದಿರಾ ಹೆಸರು ಹೇಳಿದರೆ ದನಿ ಮೆತ್ತಗಾಗುತ್ತಿತ್ತು, ಅಮ್ಮ ಚಾನೆಲ್ ಬದಲಿಸುತ್ತಿದ್ದರು. ಅದು ತತ್ವದ ಜಗಳ ಎಂದು ನಾನು ಅಂದುಕೊಂಡಿದ್ದೆ. ಇಬ್ಬರ ಮಾತನ್ನೂ ಕೇಳಿ, ಇಂಗ್ಲಿಷ್ ಲೇಖನ ಓದಿ, ನನ್ನದೇ ಒಂದು ಅಭಿಪ್ರಾಯ ಮಾಡಿಕೊಂಡಿದ್ದೆ. ಜಗಳ ಗದ್ದೆಯದ್ದು. ಇಬ್ಬರೂ ಒಂದು ದಿನವೂ ಗದ್ದೆ ಅಂತ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ. (ಅಂದ ಹಾಗೆ ಅಜ್ಜಿಗೆ ದೇವರಾಜ ಅರಸು ಎಂದರೆ ಯಾರೆಂದೇ ಗೊತ್ತಿಲ್ಲ. ಭೂಮಿ ಕೊಟ್ಟದ್ದು ಇಂದಿರಾ ಗಾಂಧಿ. ಮುಗೀತು.)

ನಾವು ಬಂದ 2020ರಲ್ಲೇ ಭೂಸುಧಾರಣಾ ಕಾಯ್ದೆಗೆ ಮತ್ತೆ ತಿದ್ದುಪಡಿ ಬಂತು. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಎಂದಾಯಿತು. ನಮ್ಮ ಗಲ್ಫ್ ಗುಂಪಿನಲ್ಲಿ ಹಬ್ಬ. ಕೊನೆಗೂ ಊರಲ್ಲಿ ಒಂದು ತೋಟ ಮಾಡಬಹುದು ಅಂತ ಹತ್ತು ಜನ ಬರೆದರು. ನಾನೂ ಒಂದು ಹೆಬ್ಬೆರಳು ಒತ್ತಿದೆ. ಅದನ್ನೇ ಖುಷಿಯಲ್ಲಿ ಅಜ್ಜಿಗೆ ಓದಿ ಹೇಳಿದರೆ ಅವರು ಕೇಳಿದ್ದು ಒಂದೇ: "ಹಂಗಾರೆ ಮತ್ತೆ ಗೇಣಿ ಬತ್ತಾ?" ಹಾಗೇನಿಲ್ಲ ಅಜ್ಜಿ, ಇದು ಬೇರೆ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಈ ತಿದ್ದುಪಡಿ ಸರಿಯೋ ತಪ್ಪೋ, ನನಗೆ ಇವತ್ತಿಗೂ ಎರಡು ಮನಸ್ಸು. ಆದರೆ ಆ ಹೆಬ್ಬೆರಳು ಒತ್ತುವಾಗ ಎರಡು ಮನಸ್ಸು ಇರಲಿಲ್ಲ, ಅದೇ ನನಗೆ ನಾಚಿಕೆ.

ಉಡುಪಿ ಅಂದರೆ ಹೀಗೇ ಎಂದು ಹೊರಗಿನವರು ಒಂದು ಚಿತ್ರ ಇಟ್ಟುಕೊಂಡಿದ್ದಾರೆ. ನನ್ನದೂ ಅದೇ ಆಗಿತ್ತು. ಜಿಲ್ಲೆಯ ಐದೂ ವಿಧಾನಸಭಾ ಸೀಟು 2018ರಲ್ಲಿ ಬಿಜೆಪಿಗೆ, 2023ರಲ್ಲೂ ಐದಕ್ಕೆ ಐದು, ಅದೂ ಕಾಂಗ್ರೆಸ್ ರಾಜ್ಯದಲ್ಲಿ 135 ಗೆದ್ದ ವರ್ಷ. ಅದೇ ಉಡುಪಿ ಲೋಕಸಭಾ ಕ್ಷೇತ್ರ ಆಸ್ಕರ್ ಫರ್ನಾಂಡಿಸ್ ಅವರನ್ನು 1980ರಿಂದ 1996ರ ತನಕ ಸಾಲಾಗಿ ಐದು ಸಲ ಗೆಲ್ಲಿಸಿ ಕಳಿಸಿತ್ತು ಎಂದು ಚಿಕ್ಕಪ್ಪ ಹೇಳಿದಾಗ ಫೋನ್ ತೆಗೆದು ಖಾತ್ರಿ ಮಾಡಿಕೊಂಡೆ. ಯಾಕೆ ಬದಲಾಯಿತು ಎಂದರೆ ಒಬ್ಬೊಬ್ಬರದ್ದು ಒಂದೊಂದು ಕಾರಣ. ಚಿಕ್ಕಪ್ಪನ ಪ್ರಕಾರ ಭೂಮಿ ಸಿಕ್ಕವರ ಮೊಮ್ಮಕ್ಕಳಿಗೆ ಗೇಣಿ ಅಂದರೇನು ಗೊತ್ತಿಲ್ಲ, ಋಣ ಒಂದು ತಲೆಮಾರಿಗೆ ಮುಗಿಯಿತು. ಇದೇ ಪೂರ್ತಿ ಉತ್ತರ ಅಲ್ಲ. ಆದರೆ ಟಿವಿ ಪ್ಯಾನೆಲ್‌ನಲ್ಲಿ ನಾನು ಈ ಉತ್ತರ ಕೇಳಿರಲಿಲ್ಲ.

2022ರ ಫೆಬ್ರವರಿಯಲ್ಲಿ ಹಿಜಾಬ್ ಗಲಾಟೆ ಕುಂದಾಪುರಕ್ಕೂ ಬಂದಾಗ ಮಸ್ಕತ್‌ನಿಂದ ಫೋನ್. ಪಕ್ಕದ ಫ್ಲಾಟಿನ ಬ್ಯಾರಿ ಗೆಳತಿ, ನಮ್ಮ ಕರಾವಳಿಯ ಮುಸ್ಲಿಂ ಮನೆಯವಳು. ಒಟ್ಟಿಗೆ ಬೆಳೆದವರು ನಾವು, ಅವಳ ಅಮ್ಮನ ಕೈಯ ಪತ್ತಿರಿ ತಿಂದು ದೊಡ್ಡವಳಾದವಳು ನಾನು. "ನಿಮ್ಮೂರಲ್ಲಿ ಏನೇ ಅದು?" ಅಂದಳು. ನಿಮ್ಮೂರು ಅಂದಳು. ಅವಳ ಊರು ಮಂಗಳೂರು, ಇಲ್ಲಿಂದ ಬಸ್ಸಿನಲ್ಲಿ ಎರಡೂವರೆ ತಾಸು. ನಾನು ಹೈಕೋರ್ಟ್, ಮಧ್ಯಂತರ ಆದೇಶ, ಸಮವಸ್ತ್ರ ನಿಯಮ ಅಂತ ಏನೇನೋ ಹೇಳಿದೆ. ಎಲ್ಲ ಫೋನಿನಲ್ಲಿ ಓದಿದ್ದೇ. ಗೇಟಿನಾಚೆ ನಿಂತ ಹುಡುಗಿಯರೂ ಕೇಸರಿ ಶಾಲು ಹಾಕಿದ ಹುಡುಗರೂ ಯಾರ್ಯಾರ ಮನೆಯವರು ಎಂದು ಚಿಕ್ಕಪ್ಪನಿಗೆ ಗೊತ್ತಿತ್ತು. ಎರಡೂ ಕಡೆ ಗಲ್ಫಿನ ದುಡ್ಡಿನಲ್ಲಿ ಫೀಸು ಕಟ್ಟುವ ಮನೆಗಳಿದ್ದವು. ಅದನ್ನು ಅವಳಿಗೆ ಹೇಳಲಿಲ್ಲ. ಹೇಳಬಹುದಿತ್ತು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಗುಂಪಿನಲ್ಲಿ ಮತ್ತೆ ಮ್ಯಾಚ್. ಬಿಟ್ಟಿ ಭಾಗ್ಯ, ರಾಜ್ಯ ದಿವಾಳಿ ಅಂತ ಅಣ್ಣ. ಮಹಿಳೆಯರ ಬಿಡುಗಡೆ ಅಂತ ಇನ್ನೊಬ್ಬರು. ನಮ್ಮ ಪಕ್ಕದ ಮನೆಯ ಅಕ್ಕ ಗೇರುಬೀಜದ ಫ್ಯಾಕ್ಟರಿಗೆ ಹೋಗುವವರು. ಮರುದಿನವೂ ಟಿಕೆಟ್ ತೆಗೆದುಕೊಂಡೇ ಹೋದರು. ಯಾಕೆಂದರೆ ಶಕ್ತಿ ಇರುವುದು ಸರ್ಕಾರಿ ಬಸ್ಸಿಗೆ, ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಗುಂಪಿನ ಇನ್ನೂರು ಮೆಸೇಜಿನಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಎಲ್ಲರೂ ಈ ಬಸ್ಸಿನಲ್ಲೇ ಓಡಾಡಿದವರು, ರಜೆಯಲ್ಲಾದರೂ.

ಈಗ ವಿಷಯಕ್ಕೆ ಬರುತ್ತೇನೆ. ಅನಿವಾಸಿಗಳಿಗೆ ಕೂತಲ್ಲಿಂದಲೇ ಮತ ಹಾಕಲು ಬಿಡಿ ಎಂಬ ಬೇಡಿಕೆ ಹಳೆಯದು. 2010ರ ತಿದ್ದುಪಡಿಯಿಂದ ಪಾಸ್‌ಪೋರ್ಟ್ ತೋರಿಸಿ ಫಾರಂ 6ಎ ತುಂಬಿ ಹೆಸರು ಸೇರಿಸಬಹುದು. ಆದರೆ ಮತ ಹಾಕಲಿಕ್ಕೆ ಊರಿನ ಬೂತಿಗೇ ಬರಬೇಕು. ಇದರ ವಿರುದ್ಧದ ಅರ್ಜಿಯೊಂದಕ್ಕೆ ಮಸ್ಕತ್‌ನಲ್ಲಿದ್ದಾಗ ನಾನೂ ಸಹಿ ಹಾಕಿದ್ದೆ. ಈಗ ಕೇಳಿದರೆ ತಡವರಿಸುತ್ತೇನೆ. ಲೇಬರ್ ಕ್ಯಾಂಪಿನಲ್ಲಿದ್ದು, ತಿಂಗಳು ತಿಂಗಳು ದುಡ್ಡು ಕಳಿಸಿ, ಹೆಂಡತಿ ಮಕ್ಕಳನ್ನು ಇದೇ ಹಳ್ಳಿಯಲ್ಲಿ ಇಟ್ಟವನಿಗೆ ಮತ ಬೇಕೇ ಬೇಕು. ವಿಮಾನ ಹತ್ತಿ ಬಂದು ಮತ ಹಾಕಲು ಆಗದವನೂ ಅವನೇ. ನನ್ನಂಥವರದ್ದು ಬೇರೆ ಲೆಕ್ಕ. ನಾನು ಅವತ್ತು ಮಸ್ಕತ್‌ನಿಂದ ಮತ ಹಾಕಿದ್ದರೆ ಟಿವಿಗೆ ಹಾಕುತ್ತಿದ್ದೆ, ಊರಿಗಲ್ಲ. ಇಬ್ಬರಿಗೂ ಒಂದೇ ಕಾನೂನು ಆಗಬೇಕಲ್ಲ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೇನೆ.

ಇಲ್ಲಿ ಕೂತು ನಾನೇನೂ ದೊಡ್ಡ ಪಂಡಿತೆ ಆಗಿಲ್ಲ. ಐದಾರು ಗ್ರಾಮಸಭೆ ಆಗಿದೆ, ನಾನು ಹೋದದ್ದು ಎರಡಕ್ಕೆ. ಒಂದರಲ್ಲಿ ಬೀದಿ ದೀಪದ ಬಗ್ಗೆ ಮಾತಾಡಿದೆ. ಪಿಡಿಒ "ನೀವು ಯಾರ ಮನೆಯವರು?" ಎಂದು ಕೇಳಿದರು. ಹೇಳಿದೆ. ಬರೆದುಕೊಂಡರು.

ಮೊನ್ನೆ ಅಣ್ಣನಿಗೆ 6ಎ ತುಂಬಿಸಲು ಫೋನಿನಲ್ಲೇ ಕೂತೆ. ಉಡುಪಿ ಸಂಸದರನ್ನು ಅವನು ಹತ್ತು ವರ್ಷದಿಂದ ಫೇಸ್‌ಬುಕ್‌ನಲ್ಲಿ ದಿನಾ ಬೈಯುತ್ತಾನೆ. ನಮ್ಮ ರಸ್ತೆಯ ಹೊಂಡದ ಫೋಟೋ ಹಾಕಿ ಟ್ಯಾಗ್ ಮಾಡುತ್ತಾನೆ. ವಿಧಾನಸಭಾ ಕ್ಷೇತ್ರ ಯಾವುದು ಅಂದ. ಬೈಂದೂರು ಅಂದೆ. ಲೋಕಸಭೆ ಉಡುಪಿ ಅಲ್ವಾ ಅಂದ. ಅಲ್ಲ ಮಾರಾಯ, 2008ರ ಮರುವಿಂಗಡಣೆಯಿಂದ ಬೈಂದೂರು ಶಿವಮೊಗ್ಗಕ್ಕೆ ಸೇರಿದೆ, ಜಿಲ್ಲೆ ಮಾತ್ರ ಉಡುಪಿ ಎಂದೆ.

ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

"ಶಿವಮೊಗ್ಗದವರು ಯಾರು ಈಗ?" ಅಂದ.