ತುಂಡಾದ ನರಕ್ಕೊಂದು ಗಡುವಿದೆ

‘ಮೂರು ತಿಂಗಳು ನೋಡೋಣ, ಅಷ್ಟರಲ್ಲಿ ನರದ ಇಂಜೆಕ್ಷನ್ ತಗೊಳ್ಳಿ.’ ಗಾಜು ತಗುಲಿ ಮಣಿಕಟ್ಟು ಸೀಳಿದವರಿಗೆ, ಬೆರಳು ಜೋಮು ಹಿಡಿದಿದ್ದರೂ, ಈ ಸಲಹೆ ಇವತ್ತಿಗೂ ಸಿಗುತ್ತಿದೆ. ದಯವಿಟ್ಟು ಒಪ್ಪಬೇಡಿ. ಚರ್ಮ ಸೀಳದ ಪೆಟ್ಟಿಗೆ ಕಾಯುವುದು ಸರಿ. ಚೂಪಾದ ಗಾಯಕ್ಕೆ ಅಲ್ಲ.

ನರ ತುಂಡಾದರೆ ಗಾಯದ ಕೆಳಗಿನ ಎಳೆಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಉಳಿಯುವುದು ಆ ಎಳೆಗಳನ್ನು ಸುತ್ತಿಕೊಂಡಿದ್ದ ಶ್ವಾನ್ ಕೋಶಗಳು. ಅವು ಕಸ ತೆಗೆದು, ಸಾಲುಗಟ್ಟಿ ನಿಂತು, ಎನ್‌ಜಿಎಫ್, ಬಿಡಿಎನ್‌ಎಫ್, ಜಿಡಿಎನ್‌ಎಫ್ ಎಂಬ ಗ್ರೋತ್ ಫ್ಯಾಕ್ಟರ್‌ಗಳನ್ನು, ಅಂದರೆ ನರ ಬೆಳೆಯಲು ನೆರವಾಗುವ ಪ್ರೋಟೀನ್‌ಗಳನ್ನು, ಸ್ರವಿಸುತ್ತವೆ. ಮೇಲಿನಿಂದ ಚಿಗುರುವ ಎಳೆಗೆ ದಾರಿಯೂ ಪೋಷಣೆಯೂ ಅವೇ. ಎಳೆ ಬಂದು ಮುಟ್ಟದೆ ತಿಂಗಳುಗಳು ಉರುಳಿದರೆ ಈ ಸ್ರವಿಕೆ ಇಳಿಯುತ್ತದೆ, ಕೋಶಗಳೂ ಕರಗುತ್ತವೆ.

ಈಗ ಲೆಕ್ಕ ಹಾಕಿ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಮಣಿಕಟ್ಟಿನಿಂದ ಹೆಬ್ಬೆರಳ ಬುಡಕ್ಕೆ ಮೂರು ತಿಂಗಳಾದರೂ ಬೇಕು. ಮೊಣಕೈಯಿಂದ ಅಂಗೈಗೆ 30 ಸೆಂ.ಮೀ. ಎಂದರೆ ಹತ್ತು ತಿಂಗಳು. ಬೈಕ್ ಅಪಘಾತದಲ್ಲಿ ಕುತ್ತಿಗೆ ಬುಡದ ನರಜಾಲ ಹರಿದರೆ ಅಂಗೈ ತಲುಪಲು ಎರಡು ವರ್ಷದ ಹತ್ತಿರ. ಆದರೆ ನರವಿಲ್ಲದ ಸ್ನಾಯು 12–18 ತಿಂಗಳಲ್ಲಿ ಕೈಕೊಡುತ್ತದೆ. ಸ್ನಾಯುವಿನ ಹತ್ತಿರದ ಒಳ್ಳೆಯ ನರದಿಂದ ಒಂದು ಕವಲನ್ನು ತಿರುಗಿಸಿ ಜೋಡಿಸುವುದು ಇದೇ ಕಾರಣಕ್ಕೆ.

ಹಾಗಿದ್ದರೆ ಗ್ರೋತ್ ಫ್ಯಾಕ್ಟರನ್ನೇ ಚುಚ್ಚಬಾರದೇ? ಎನ್‌ಜಿಎಫ್ ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್‌ಗೆ 1986ರಲ್ಲಿ ನೊಬೆಲ್ ಬಂತು. ಆದರೂ ಮಧುಮೇಹದ ನರರೋಗಕ್ಕೆ ಎನ್‌ಜಿಎಫ್ ಚುಚ್ಚಿ ನೋಡಿದಾಗ ಚುಚ್ಚಿದ ಜಾಗ ನೋಯಿತು, ಕೊನೆಯ ದೊಡ್ಡ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಎನ್‌ಜಿಎಫ್ ಮುಖ್ಯವಾಗಿ ನೋವು, ಬಿಸಿ ತಿಳಿಸುವ ನರಗಳಿಗೆ ಕೆಲಸ ಮಾಡುತ್ತದೆ. ಸ್ನಾಯು ನಡೆಸುವ ವಯಸ್ಕ ನರಕೋಶಗಳಲ್ಲಿ ಅದನ್ನು ಹಿಡಿಯುವ ಮುಖ್ಯ ಗ್ರಾಹಕವೇ (ರಿಸೆಪ್ಟರ್) ಇಲ್ಲ. ಜಿಡಿಎನ್‌ಎಫ್ ಆ ಕೋಶಗಳಿಗೆ ಹಿಡಿಸುತ್ತದೆ ನಿಜ. ಆದರೆ ಇಲಿಗಳಲ್ಲಿ ಒಂದೇ ಕಡೆ ಹೆಚ್ಚಾಗಿ ಉತ್ಪತ್ತಿಯಾಗುವಂತೆ ಮಾಡಿದಾಗ ಎಳೆಗಳು ಅಲ್ಲೇ ಸುರುಳಿ ಸುತ್ತಿಕೊಂಡು ಮುಂದೆ ಹೋಗಲೇ ಇಲ್ಲ. ಪ್ರಮಾಣಕ್ಕಿಂತ ಜಾಗ ಮತ್ತು ಸಮಯ ಮುಖ್ಯ ಅನ್ನುವುದಕ್ಕೆ ನನಗೆ ಇದಕ್ಕಿಂತ ಬಲವಾದ ಸಾಕ್ಷಿ ಬೇಡ. ನನಗೆ ಹೆಚ್ಚು ಭರವಸೆ ಇರುವುದು, ಹೊಲಿಗೆಯಾದ ಕೂಡಲೇ 20 ಹರ್ಟ್ಜ್‌ನಲ್ಲಿ ಒಂದು ಗಂಟೆ ವಿದ್ಯುತ್ ಪ್ರಚೋದನೆ ಕೊಡುವ ವಿಧಾನದ ಮೇಲೆ. ಅದು ನರಕೋಶದೊಳಗೇ ಬಿಡಿಎನ್‌ಎಫ್ ಹೆಚ್ಚಿಸುತ್ತದೆ.

ನಮ್ಮಲ್ಲಿ ಕೊಡುವ ‘ನರದ ಇಂಜೆಕ್ಷನ್’ ಹೆಚ್ಚಾಗಿ ಮೀಥೈಲ್‌ಕೋಬಾಲಮಿನ್, ಅಂದರೆ ಬಿ12. ಕೊರತೆ ಇದ್ದವರಿಗೆ ಬೇಕೇ ಬೇಕು. ತುಂಡಾದ ನರವನ್ನು ಅದು ಜೋಡಿಸದು.

ಗಾಯವಾದ ದಿನ ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮೊದಲೇ ಪ್ರತಿ ಬೆರಳ ತುದಿಯ ಸ್ಪರ್ಶ ಪರೀಕ್ಷಿಸಲು ಕೇಳಿ. ಆಮೇಲೆ ಏನೂ ತಿಳಿಯದು. ಬರೀ ಚರ್ಮ ಹೊಲಿಸಿಕೊಂಡು ಮನೆಗೆ ಬರಬೇಡಿ. ಶುದ್ಧವಾದ ಸೀಳಾದರೆ ಕೆಲವೇ ದಿನಗಳೊಳಗೆ, ಮೈಕ್ರೋಸ್ಕೋಪ್ ಅಡಿಯಲ್ಲಿ, ಕೂದಲಿಗಿಂತ ತೆಳುವಾದ ನೈಲಾನ್ ದಾರದಿಂದ ನರ ಹೊಲಿಯಬೇಕು. ಎಳೆದು ಹೊಲಿದರೆ ರಕ್ತ ಸಂಚಾರ ಕೆಡುತ್ತದೆ. ಅಂತರವಿದ್ದರೆ ಕಾಲಿನ ಸೂರಲ್ ನರದ ತುಂಡು ಇಡುತ್ತಾರೆ. ನಂತರ ನರದ ಹಾದಿಯ ಮೇಲೆ ಬೆರಳಿಂದ ತಟ್ಟಿದಾಗ ಜುಮ್ಮೆನ್ನುವ ಜಾಗ ತಿಂಗಳಿಗೆ ಎರಡು–ಮೂರು ಸೆಂ.ಮೀ. ಕೆಳಗಿಳಿಯುತ್ತಿದೆಯೇ ಎಂದು ಗುರುತು ಹಾಕಿಸಿ. ಅದು ನಿಂತಲ್ಲೇ ನಿಂತರೆ ಕೂಡಲೇ ನರ ಹೊಲಿದ ಸರ್ಜನ್ ಬಳಿ ಹೋಗಿ.